ಘಾಟಿ ಹತ್ತುವಾಗ ಮಾತ್ರ ‘ಸುಯ್ಯ್’ ಸದ್ದು, ಪಿಕಪ್ ಇಲ್ಲ. ಟರ್ಬೊ ಹೋಯ್ತಾ?

ಹಾಸನ ಡೀಸೆಲ್:
ನಮಸ್ಕಾರ ಎಲ್ಲರಿಗೂ. ನನ್ನದು 2013ರ ಡೀಸೆಲ್ ಹ್ಯಾಚ್‌ಬ್ಯಾಕ್. 1.3 ಲೀಟರ್ ಟರ್ಬೊ ಎಂಜಿನ್, 1,18,000 ಕಿ.ಮೀ. ಓಡಿದೆ. ಹೋದ ಭಾನುವಾರ ಮಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿಯ ಏರು ಸಿಕ್ಕಿದ್ದೇ ತಡ, ಬಾನೆಟ್ ಒಳಗಿಂದ ಸುಯ್ಯ್ ಅಂತ ಸದ್ದು ಶುರು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಉಸಿರು ಬಿಡುತ್ತಲ್ಲ, ಆ ಥರ. ಎಕ್ಸಲರೇಟರ್ ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತಿತ್ತು. ಹಿಂದೆ ಇದ್ದ ಬೈಕಿನವನು ಪಕ್ಕಕ್ಕೆ ಬಂದು “ಏನ್ ಸಾರ್ ಇಷ್ಟು ಹೊಗೆ” ಅಂತ ಕೇಳಿ ಹೋದ.

ಮನೆಗೆ ಬಂದು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಕೊಟ್ಟು ನೋಡಿದೆ. ಸದ್ದೇ ಇಲ್ಲ! ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ ಬಂದು, ಟರ್ಬೊ ಹೋಗಿದೆ, ಬದಲಿಸೋಣ ಅಂದರು. ಅವರು ಹೇಳಿದ ಮೊತ್ತ ಕೇಳಿ ನನ್ನ ಸದ್ದೂ ನಿಂತುಹೋಯಿತು. ಏನು ಮಾಡಲಿ?

ಹಳೇ ಸ್ಪ್ಯಾನರ್:
ಸರ್, ದುಡ್ಡು ಕೊಡುವ ಮುಂಚೆ ಮೂರು ವಿಷಯ ಹೇಳಿ. ಹೊಗೆ ಕಪ್ಪೋ, ನೀಲಿಯೋ? ಎಂಜಿನ್ ಆಯಿಲ್ ಕಮ್ಮಿ ಆಗಿದೆಯಾ? ಸದ್ದು ಏರುವುದು ಗಾಡಿಯ ವೇಗದ ಜೊತೆಗೋ, ಎಂಜಿನ್ ಸುತ್ತುವ ವೇಗ, ಅಂದರೆ ಆರ್‌ಪಿಎಂ ಜೊತೆಗೋ? ಕೊನೆಯದು ಗೊತ್ತಾಗಬೇಕಾದರೆ ಒಂದೇ ವೇಗದಲ್ಲಿ ಮೂರನೇ ಗೇರು, ನಾಲ್ಕನೇ ಗೇರು ಎರಡರಲ್ಲೂ ಓಡಿಸಿ ನೋಡಿ. ಗೇರು ಬದಲಾದರೂ ಸದ್ದು ಹಾಗೇ ಇದ್ದರೆ ಎಂಜಿನ್ ಬಿಟ್ಟುಬಿಡಿ, ಚಕ್ರದ ಬೇರಿಂಗ್ ಅಥವಾ ಟೈರ್ ಕಡೆ ನೋಡಬೇಕು.

ಹಾಸನ ಡೀಸೆಲ್:
ಹೊಗೆ ಕಪ್ಪು, ಮಸಿ ಥರ. ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಸರಿಯಾಗೇ ಇದೆ. ಸದ್ದು ಆರ್‌ಪಿಎಂ ಜೊತೆ ಏರುತ್ತದೆ. 1,800 ದಾಟಿದ ಮೇಲೆ, ಅದೂ ಲೋಡ್ ಇದ್ದಾಗ ಮಾತ್ರ. ಸಪಾಟು ರಸ್ತೆಯಲ್ಲಿ ಮೆಲ್ಲಗೆ ಹೋದರೆ ಏನೂ ಇಲ್ಲ.

ಹಳೇ ಸ್ಪ್ಯಾನರ್:
ಹಾಗಾದರೆ ಟರ್ಬೊ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ನನಗೆ ಅನುಮಾನ ಇರೋದು ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಸ್ ಮೇಲೆ.

ಟರ್ಬೊ ಗಾಳಿಯನ್ನು ಒತ್ತಿ ಇಂಟರ್‌ಕೂಲರ್ ಮೂಲಕ ಎಂಜಿನ್‌ಗೆ ಕಳಿಸುತ್ತದೆ. ಮಧ್ಯೆ ಇರುವ ರಬ್ಬರ್ ಹೋಸ್ ವರ್ಷಗಟ್ಟಲೆ ಬಿಸಿ, ಆಯಿಲ್ ತಿಂದು ಎಲ್ಲೋ ಸೀಳುತ್ತದೆ. ಒತ್ತಡ ಇದ್ದಾಗ ಸೀಳು ಬಾಯಿ ತೆರೆಯುತ್ತದೆ, ಅದೇ ನಿಮ್ಮ ಕುಕ್ಕರ್ ಸದ್ದು. ನ್ಯೂಟ್ರಲ್‌ನಲ್ಲಿ ಎಷ್ಟೇ ರೇಸ್ ಕೊಟ್ಟರೂ ಎಂಜಿನ್ ಮೇಲೆ ಭಾರ ಇಲ್ಲ. ಹಾಗಾಗಿ ಟರ್ಬೊ ಒತ್ತಡ ಕಟ್ಟುವುದೇ ಇಲ್ಲ, ಸೀಳು ಮುಚ್ಚಿಕೊಂಡೇ ಇರುತ್ತದೆ. ನಿಂತ ಗಾಡಿಯಲ್ಲಿ ಈ ಕಾಯಿಲೆ ಸಿಗೋದಿಲ್ಲ ಸರ್, ಎಷ್ಟು ಜನ ಇಲ್ಲೇ ಎಡವುತ್ತಾರೆ.

ಕಪ್ಪು ಹೊಗೆಗೂ ಇದೇ ಕಾರಣ. ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರ್ ಹತ್ತಿರ, ಅಂದರೆ ಟರ್ಬೊಗಿಂತ ಮುಂಚೆ ಇರುವ ಗಾಡಿಗಳಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆ ಲೆಕ್ಕ ನೋಡಿ ಡೀಸೆಲ್ ಬಿಡುತ್ತದೆ. ಅರ್ಧ ಗಾಳಿ ದಾರಿಯಲ್ಲೇ ಸೋರಿಹೋಗಿರುತ್ತದೆ. ಡೀಸೆಲ್ ಪೂರ್ತಿ ಸುಡದೆ ಮಸಿಯಾಗಿ ಹೊರಬರುತ್ತದೆ. ಟರ್ಬೊ ಸೀಲ್ ಹೋಗಿ ಆಯಿಲ್ ಸುಡುತ್ತಿದ್ದರೆ ಹೊಗೆ ನೀಲಿ ಇರುತ್ತಿತ್ತು, ಆಯಿಲ್ ಇಳಿಯುತ್ತಿತ್ತು.

ಈಗ ಕೆಲಸಕ್ಕೆ ಬನ್ನಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಹೋಸ್‌ನ ಮೇಲ್ಭಾಗ ನೋಡಿ ಸರಿ ಇದೆ ಅನ್ನಬೇಡಿ, ಕೆಳಗಡೆ ಕೈ ಹಾಕಿ ಸವರಿ. ಒಳಗಿನ ಗಾಳಿಯಲ್ಲಿ ಸ್ವಲ್ಪ ಆಯಿಲ್ ತೇವ ಇದ್ದೇ ಇರುತ್ತದೆ, ಸೋರುವ ಜಾಗದಲ್ಲಿ ಧೂಳು ಕೂತು ಕಪ್ಪು ಜಿಡ್ಡಾಗಿರುತ್ತದೆ. ಬೆರಳಿಗೆ ಜಿಡ್ಡು ಅಂಟಿದ ಕಡೆ ಕ್ಲಾಂಪ್ ಸಡಿಲಿಸಿ, ಹೋಸ್ ಬಿಚ್ಚಿ, ಬಗ್ಗಿಸಿ ನೋಡಿ. ಬಗ್ಗಿಸಿದರೆ ಮಾತ್ರ ಸೀಳು ಕಾಣುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ನೇರವಾಗಿ ಬಿಟ್ಟು ಪರೀಕ್ಷೆ ಮಾಡೋಕೆ ಹೋಗಬೇಡಿ. ಆ ಒತ್ತಡಕ್ಕೆ ಚೆನ್ನಾಗಿರುವ ಹೋಸೂ ಕಿತ್ತುಬರುತ್ತದೆ.

ಹೇಗೂ ಬಿಚ್ಚಿರುತ್ತೀರಿ, ಟರ್ಬೊ ಬಾಯಿಯ ಕಡೆಯ ಹೋಸೂ ತೆಗೆದು ಅದರ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಒಂಚೂರು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡಿದರೆ, ಅಥವಾ ಟರ್ಬೊ ಫ್ಯಾನಿನ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಮೆಕ್ಯಾನಿಕ್ ಹೇಳಿದ್ದೇ ಸರಿ. ಅಲ್ಲಿಯವರೆಗೆ ಘಾಟಿ ಬೇಡ. ಸೋರಿಕೆ ಇದ್ದರೆ ಟರ್ಬೊ ಒತ್ತಡ ಕಟ್ಟಲು ಇನ್ನೂ ಜಾಸ್ತಿ ತಿರುಗುತ್ತದೆ. ಅದು ಮೊದಲೇ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಸಾಮಾನು.

ಪೆಟ್ರೋಲ್ ಪಾರ್ಟಿ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಪೆಟ್ರೋಲ್ ಗಾಡಿಯೂ ಏರಿನಲ್ಲಿ ಸದ್ದು ಮಾಡುತ್ತದೆ. ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತೆ ಕಟಕಟ. ನನ್ನದೂ ಹೋಸಾ?

ಹಳೇ ಸ್ಪ್ಯಾನರ್:
ಅಲ್ಲ ಸರ್, ಅದು ನಾಕಿಂಗ್. ಸಿಲಿಂಡರ್ ಒಳಗೆ ಪೆಟ್ರೋಲ್ ತನ್ನ ಸರದಿಗೆ ಕಾಯದೆ ಅಲ್ಲಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ನಾಲ್ಕನೇ ಗೇರಿನಲ್ಲೇ 1,300 ಆರ್‌ಪಿಎಂನಲ್ಲಿ ಏರು ಎಳೆಸುತ್ತಿದ್ದೀರಿ ಅಲ್ವಾ? ಮೊದಲು ಗೇರು ಇಳಿಸಿ ನೋಡಿ. ಆಮೇಲೂ ಇದ್ದರೆ ಬೇರೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ. ಆಮೇಲೂ ಇದ್ದರೆ ಪ್ಲಗ್, ಕಾರ್ಬನ್ ನೋಡೋಣ. ಬೇರೆಯದಾಗಿ ಬರೆಯಿರಿ, ಇಲ್ಲಿ ಎರಡೂ ಕಲಸುಮೇಲೋಗರ ಆಗುತ್ತದೆ.

ಬೆಂಗಳೂರು ಡಾಂಗಲ್:
ಹಾಸನದವರಿಗೆ: ಗಾಡಿಯ ದೋಷದ ಕೋಡ್ ಫೋನಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಡಾಂಗಲ್ ಇದ್ದರೆ ಸಿಕ್ಕಿಸಿ. ಪಿ0299 ಕೋಡ್ ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಆದರೆ ಆ ಕೋಡ್ ನೋಡಿ “ಟರ್ಬೊ ಹೋಗಿದೆ” ಅನ್ನೋದು, ಟ್ಯಾಂಕಿ ತುಂಬಲಿಲ್ಲ ಅಂತ ಮೋಟರ್ ಬದಲಿಸಿದ ಹಾಗೆ. ಪೈಪ್ ಒಡೆದಿರಬಹುದಲ್ವಾ? ಎಂಎಪಿ, ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡದ ರೀಡಿಂಗ್ ಕೂಡ ಬರೆದುಕೊಳ್ಳಿ. ಐಡಲ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಅದು ಸುಮ್ನೆ ಹೊರಗಿನ ಗಾಳಿಯ ಒತ್ತಡದ ಹತ್ತಿರ ಇರುತ್ತದೆ. ಮಂಗಳೂರಿನಲ್ಲಿ ಸುಮಾರು 100 ಕೆಪಿಎ (ಕಿಲೋಪ್ಯಾಸ್ಕಲ್, ಒತ್ತಡದ ಅಳತೆ), ಹಾಸನ ಎತ್ತರದಲ್ಲಿರುವುದರಿಂದ 90ರ ಆಸುಪಾಸು. ಅದು ನೋಡಿ ಗಾಬರಿಯಾಗಬೇಡಿ.

ಹಾಸನ ಡೀಸೆಲ್:
ಸಿಕ್ಕಿತು! ಹೋಸ್ ಮೇಲಿಂದ ಹೊಸದರಂತೆ ಹೊಳೆಯುತ್ತಿತ್ತು. ಕೆಳಗೆ ಕೈ ಹಾಕಿದರೆ ಬೆರಳೆಲ್ಲ ಕಪ್ಪು. ಬಿಚ್ಚಿ ಬಗ್ಗಿಸಿದೆ, ಕ್ಲಾಂಪ್ ಪಕ್ಕದಲ್ಲಿ ಎರಡು ಇಂಚು ಸೀಳಿದೆ. ಒಂದು ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಸವೆದಿದೆ. ಟರ್ಬೊ ಶಾಫ್ಟ್ ಹಿಂದೆ ಮುಂದೆ ಆಡಲೇ ಇಲ್ಲ.

ಅಂಗಡಿಯಲ್ಲಿ ಹೋಸ್ ಇರಲಿಲ್ಲ. ಮೆಕ್ಯಾನಿಕ್ ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟಿಕೊಟ್ಟರು. ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಪಟ್ ಅಂತ ಹೋಯಿತು. ಯಾರೂ ಇದನ್ನು ಮಾಡಬೇಡಿ. ತಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೋಸ್ ತಂದುಕೊಟ್ಟ. ಎರಡೂ ಕಡೆ ಹೊಸ ಕ್ಲಾಂಪ್ ಹಾಕಿಸಿದೆ, ಬ್ರಾಕೆಟ್ ಕೂಡ ಸ್ವಲ್ಪ ಬಗ್ಗಿಸಿದೆವು. ಮೊದಲು ಎಂಎಪಿ ಎಷ್ಟು ಒತ್ತಿದರೂ 130 ದಾಟುತ್ತಿರಲಿಲ್ಲ, ಈಗ 200ರ ಮೇಲೆ ಹೋಗುತ್ತಿದೆ. ನಿನ್ನೆ ಸಕಲೇಶಪುರದಿಂದ ಕೆಳಗಿಳಿದು ಬೇಕಂತಲೇ ಘಾಟಿ ಹತ್ತಿ ಬಂದೆ, ಮೂರನೇ ಗೇರಿನಲ್ಲೇ!

ಇನ್ನೊಂದು ಪ್ರಶ್ನೆ. ಆ ಸದ್ದು ಹೋದ ಮೇಲೆ ಇನ್ನೊಂದು ಕೇಳಿಸುತ್ತಿದೆ. ಸರಿಯಾಗಿ 2,200 ಆರ್‌ಪಿಎಂಗೆ ಅಡಿಯಿಂದ ಜಣಜಣ, ಮುಂದೆ ಹೋದರೆ ಮಾಯ.

ಹಳೇ ಸ್ಪ್ಯಾನರ್:
ಅದು ಬಹುಶಃ ಮೊದಲೂ ಇತ್ತು, ಸುಯ್ಯ್ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಸೈಲೆನ್ಸರ್ ಪೈಪ್ ಮೇಲಿನ ತಗಡಿನ ಹೀಟ್ ಶೀಲ್ಡ್ ಬೋಲ್ಟ್ ತುಕ್ಕು ಹಿಡಿದು ಸಡಿಲ ಆಗಿರುತ್ತದೆ. ತಟ್ಟಿ ನೋಡಿದರೆ ಅದೇ ಜಣಜಣ ಕೇಳಿಸುತ್ತದೆ. ಒಂದು ದೊಡ್ಡ ಸ್ಟೀಲ್ ಕ್ಲಾಂಪ್ ಬಿಗಿದರೆ ಸಾಕು. ಪೈಪ್ ಮಾತ್ರ ತಣ್ಣಗಾಗಿರಲಿ ಸರ್, ನನ್ನ ಬೆರಳಿನ ಮೇಲೆ ಇನ್ನೂ ಗುರುತಿದೆ.