ಎಂಟರ್ ಒತ್ತಿದಾಗ ಕೆಳಕ್ಕೆ ಇಳಿಯದೆ ಮುಂದಿನ ಕಾಲಂಗೆ ಹೋಗುವಂತೆ ಮಾಡುವುದು ಹೇಗೆ?

ಪ್ರಶ್ನೆ (ಬ್ಯಾಡಗಿಯಿಂದ):
ಮಾನ್ಯರೇ, ಇಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿರುವ ನಮ್ಮ ದಲಾಲಿ ಅಂಗಡಿಗಾಗಿ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ತಂತ್ರಾಂಶ ಬರೆಯುವ ಮೈಕ್ರೋಸಾಫ್ಟ್‌ನ ಸಾಧನ) ಲೆಕ್ಕದ ತಂತ್ರಾಂಶವೊಂದನ್ನು ನಾನೇ ಬರೆದಿದ್ದೇನೆ. ಅದರ ಡೇಟಾಗ್ರಿಡ್‌ವ್ಯೂ ಕೋಷ್ಟಕದಲ್ಲಿ ಲಾಟ್ ಸಂಖ್ಯೆ, ಚೀಲ, ತೂಕ, ದರ, ಮೊತ್ತ ಎಂಬ ಕಾಲಂಗಳಿವೆ. ಗುಮಾಸ್ತರು ಎಡಗೈಯಲ್ಲಿ ತೂಕದ ಚೀಟಿ ಹಿಡಿದು, ಬಲಗೈಯಿಂದ ಅಂಕಿಗಳನ್ನು ಒತ್ತುತ್ತಾರೆ. ಟ್ಯಾಬ್ ಕೀಲಿಗಾಗಿ ಪ್ರತಿ ಸಲ ಚೀಟಿಯನ್ನು ಕೆಳಗಿಡಬೇಕಾಗುತ್ತದೆ. ಎಂಟರ್ ಒತ್ತಿದರೆ ಬಲಕ್ಕೆ ಹೋಗಲೆಂದು ಕೋಷ್ಟಕದ ಕೀಡೌನ್‌ನಲ್ಲಿ (ಕೀಲಿ ಒತ್ತಿದಾಗ ನಡೆಯುವ ಘಟನೆ) ಬರೆದೆ. ಅಂಕಿ ತುಂಬುತ್ತಿರುವಾಗ ಅದು ನಡೆಯಲೇ ಇಲ್ಲ. ಕೋಶ ತುಂಬಿ ಮುಗಿದಾಗ ನಡೆಯುವ ಸೆಲ್‌ಎಂಡ್‌ಎಡಿಟ್‌ನಲ್ಲಿ ಕರೆಂಟ್‌ಸೆಲ್ (ಈಗ ಆಯ್ಕೆಯಾಗಿರುವ ಕೋಶ) ಬದಲಿಸಿದರೆ ಬಲಕ್ಕೆ ಹೋದದ್ದು ಮತ್ತೆ ಒಂದು ಸಾಲು ಕೆಳಗಿಳಿಯುತ್ತದೆ. ಮೊತ್ತ ತಾನಾಗಿಯೇ ಲೆಕ್ಕವಾಗುವುದರಿಂದ ಅಲ್ಲಿ ನಿಲ್ಲುವುದೂ ಬೇಡ.

ಉತ್ತರ (ಧಾರವಾಡದಿಂದ):
ನಮಸ್ಕಾರ. ತಾವು ಕೀಲಿಯನ್ನು ತಡೆದ ಜಾಗ ಸರಿಯಿಲ್ಲ. ಅಂಕಿ ತುಂಬುತ್ತಿರುವಾಗ ಕೀಲಿಗಳು ಕೋಷ್ಟಕಕ್ಕಲ್ಲ, ಆ ಕೋಶದ ಮೇಲೆ ತೆರೆದುಕೊಂಡ ಪಠ್ಯಪೆಟ್ಟಿಗೆಗೆ ಸೇರುತ್ತವೆ. ಹೀಗಾಗಿ ಕೋಷ್ಟಕದ ಕೀಡೌನ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಇನ್ನು ಸೆಲ್‌ಎಂಡ್‌ಎಡಿಟ್ ನಡೆಯುವಾಗ ಎಂಟರ್‌ನ ಕೆಲಸ ಅರ್ಧ ಉಳಿದಿರುತ್ತದೆ, ತಾವು ಸ್ಥಳ ಬದಲಿಸಿದ ಮೇಲೆ ಕೋಷ್ಟಕ ತನ್ನ ರೂಢಿಯಂತೆ ಕೆಳಕ್ಕೆ ಇಳಿಯುತ್ತದೆ.

ಡೇಟಾಗ್ರಿಡ್‌ವ್ಯೂನಿಂದ ಹೊಸ ಕ್ಲಾಸ್ ಒಂದನ್ನು ಪಡೆದು, ಅದರಲ್ಲಿ ಪ್ರೊಸೆಸ್‌ಡೈಲಾಗ್‌ಕೀ ಮತ್ತು ಪ್ರೊಸೆಸ್‌ಡೇಟಾಗ್ರಿಡ್‌ವ್ಯೂಕೀ ಎಂಬ 2 ಮೆಥಡ್‌ಗಳನ್ನು ಓವರ್‌ರೈಡ್ ಮಾಡಿರಿ, ಅಂದರೆ ಅವುಗಳ ಜಾಗದಲ್ಲಿ ತಮ್ಮದನ್ನು ಬರೆಯಿರಿ. ಮೊದಲನೆಯದು ಕೋಶ ತುಂಬುತ್ತಿರುವಾಗ, ಎರಡನೆಯದು ಬರಿದೆ ಆಯ್ಕೆಯಾಗಿರುವಾಗ ಕೆಲಸಕ್ಕೆ ಬರುತ್ತದೆ. ಒಂದನ್ನೇ ಬರೆದರೆ ಎಂಟರ್ ಒಮ್ಮೆ ಬಲಕ್ಕೆ, ಇನ್ನೊಮ್ಮೆ ಕೆಳಕ್ಕೆ ಹೋಗಿ ಗುಮಾಸ್ತರು ತಪ್ಪು ಸಾಲಿನಲ್ಲಿ ದರ ತುಂಬುವ ಅಪಾಯವಿದೆ. ಎರಡರಲ್ಲಿಯೂ ಎಂಟರ್ ಬಂದಾಗ ತಮ್ಮದೇ ಮೆಥಡ್ ಒಂದನ್ನು ಕರೆದು, ಕೀಲಿಯ ಕೆಲಸ ಮುಗಿಯಿತೆಂದು ತಿಳಿಸಲು ಟ್ರೂ ಹಿಂದಿರುಗಿಸಬೇಕು. ಅಂಕಿಗಳ ಪಕ್ಕದ ಎಂಟರ್‌ಗೂ ಕೀಸ್ ಡಾಟ್ ಎಂಟರ್ ಎಂಬ ಅದೇ ಮೌಲ್ಯ ಬರುವುದರಿಂದ ಅದನ್ನು ಬೇರೆಯಾಗಿ ನೋಡಬೇಕಾಗಿಲ್ಲ.

ಆ ಮೆಥಡ್‌ನಲ್ಲಿ ಕಾಲಂ ಕ್ರಮಾಂಕಕ್ಕೆ 1 ಕೂಡಿಸಬೇಡಿರಿ. ಕಾಲಂಸ್ ಸಂಗ್ರಹದ ಗೆಟ್‌ನೆಕ್ಸ್ಟ್‌ಕಾಲಂಗೆ ವಿಸಿಬಲ್ (ಕಾಣುವಂಥದು) ಇರಬೇಕು, ರೀಡ್‌ಓನ್ಲಿ (ತುಂಬಲಾಗದ್ದು) ಇರಬಾರದು ಎಂದು ತಿಳಿಸಿದರೆ ಅದು ರೀಡ್‌ಓನ್ಲಿ ಮಾಡಿಟ್ಟ ಮೊತ್ತವನ್ನು ದಾಟಿ ಮುಂದಿನ ಕಾಲಂ ಕೊಡುತ್ತದೆ, ಬಳಸುವವರು ಕಾಲಂಗಳನ್ನು ಎಳೆದು ಸ್ಥಾನ ಬದಲಿಸಿದ್ದರೂ ತೆರೆಯ ಮೇಲಿನ ಕ್ರಮವನ್ನೇ ಹಿಡಿಯುತ್ತದೆ. ನಲ್ (ಏನೂ ಇಲ್ಲ ಎಂಬ ಉತ್ತರ) ಬಂದರೆ ಸಾಲು ಮುಗಿದಂತೆ. ಆಗ ಗೆಟ್‌ಫಸ್ಟ್‌ಕಾಲಂನಿಂದ ಮುಂದಿನ ಸಾಲನ್ನು ಆರಂಭಿಸಿರಿ.

ಮರುಪ್ರಶ್ನೆ:
ಬಹಳ ಉಪಕಾರವಾಯಿತು. ತೂಕ ತಪ್ಪಿದಾಗ ಹಿಂದಕ್ಕೆ ಬರಲು ಶಿಫ್ಟ್ ಎಂಟರ್ ಇಡಬಹುದೇ? ಟ್ಯಾಬ್ ಕೀಲಿಯನ್ನು ನಿಲ್ಲಿಸಿಬಿಡಲೇ?

ಉತ್ತರ:
ಶಿಫ್ಟ್ ಎಂಟರ್‌ಗೆ ಗೆಟ್‌ಪ್ರೀವಿಯಸ್‌ಕಾಲಂ ಬಳಸಿರಿ. ಟ್ಯಾಬ್ ಕೀಲಿಯನ್ನು ದಯವಿಟ್ಟು ಮುಟ್ಟಬೇಡಿರಿ. ಕಣ್ಣು ಕಾಣದವರು ತೆರೆಯನ್ನು ಓದಿ ಹೇಳುವ ತೆರೆವಾಚಕದೊಂದಿಗೆ ಕೋಷ್ಟಕ ಬಳಸುವಾಗ ಟ್ಯಾಬ್‌ನ ರೂಢಿಯನ್ನೇ ನಂಬಿರುತ್ತಾರೆ. ಕಂಟ್ರೋಲ್ ಟ್ಯಾಬ್ ಒತ್ತಿ ಕೋಷ್ಟಕದಿಂದ ಹೊರಬರುವ ದಾರಿಯೂ ಹಾಗೆಯೇ ಇರಲಿ.