ನಿಯಾನ್ ಟೆಟ್ರಾಗಳ ಜೊತೆ ಬಂಬಲ್‌ಬೀ ಕ್ಯಾಟ್‌ಫಿಶ್: ಸಾಕಿದವರು ಅನುಭವ ತಿಳಿಸಿ

ಹೊಸ ಅಕ್ವೇರಿಯಂ: ನನ್ನ 60 ಲೀಟರ್ ತೊಟ್ಟಿಯಲ್ಲಿ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳ ಗುಂಪಿದೆ. ತಳದಲ್ಲಿ ಓಡಾಡುವ ಮೀಸೆಯ ಮೀನು ಬಂಬಲ್‌ಬೀ ಕ್ಯಾಟ್‌ಫಿಶ್ ಎರಡು ಬಿಡಬಹುದೇ?

ಟೆಟ್ರಾಪ್ರಿಯ: ಬಿಡಿ, ನಿಯಾನ್‌ಗಳ ಆಸೆಯನ್ನೂ ಬಿಡಿ. ನನ್ನಲ್ಲಿ ಬೆಳಿಗ್ಗೆ ಎಣಿಸಿದಾಗಲೆಲ್ಲ ಒಂದು ಕಡಿಮೆ. ಸತ್ತಿದ್ದರೆ ಹೆಣವಾದರೂ ಸಿಗಬೇಕಲ್ಲ? ಫಿಲ್ಟರ್ ಬಿಚ್ಚಿದೆ, ಗಿಡಗಳ ಬುಡ ತಡಕಿದೆ, ತೊಟ್ಟಿಯ ಹಿಂದೆ ನೆಲವನ್ನೂ ನೋಡಿದೆ. ಕೊನೆಗೊಂದು ರಾತ್ರಿ ಕೆಂಪು ದೀಪ ಹಿಡಿದರೆ, ಮರದ ತುಂಡಿನಡಿ ಹಗಲೆಲ್ಲ ಸನ್ಯಾಸಿಯಂತೆ ಕೂರುತ್ತಿದ್ದ ಮಹಾಶಯ ಹೊಟ್ಟೆ ಉಬ್ಬಿಸಿಕೊಂಡು ತಿರುಗುತ್ತಿದ್ದಾನೆ! ಬೆರಳುದ್ದದ ಮೀನು ನಿಜ, ಆದರೆ ಬಾಯಿ ತಲೆಯಷ್ಟೇ ಅಗಲ.

ಮರಳುಹಾಸು: ಉಪವಾಸ ಕೆಡವಿದರೆ ಯಾವ ಮೀನಾದರೂ ಬೇಟೆಯಾಡುತ್ತದೆ. ನಾನು ದೀಪ ಆರಿಸಿ ಅರ್ಧ ಗಂಟೆಯ ಮೇಲೆ ಮುಳುಗುವ ಗುಳಿಗೆ ಹಾಕುತ್ತೇನೆ. ದೊಡ್ಡ ಜಾತಿಯ ಟೆಟ್ರಾಗಳ ಜೊತೆ ವರ್ಷಗಳಿಂದ ಒಂದೂ ಮಾಯವಾಗಿಲ್ಲ. ನನಗೆ ಹೊಡೆತ ಬಿದ್ದದ್ದು ಬಿಳಿ ಚುಕ್ಕೆ ರೋಗದಲ್ಲಿ. ಮಾರಿದವರ ಮಾತಿನಂತೆ ತಾಮ್ರದ ಔಷಧಿಯನ್ನು ಪೂರ್ತಿ ಪ್ರಮಾಣದಲ್ಲಿ ಹಾಕಿದೆ. ಮೈಮೇಲೆ ಹುರುಪೆ ಇಲ್ಲದ ಮೀನು, ತಡೆಯುತ್ತದೆಯೇ? ಟೆಟ್ರಾಗಳು ಉಳಿದವು, ಕ್ಯಾಟ್‌ಫಿಶ್‌ಗಳು ಒಂದೊಂದಾಗಿ ಹೋದವು. ಈಗ ಹೊಸ ಮೀನು ಬಂದರೆ ಮೊದಲು ಬೇರೆ ತೊಟ್ಟಿಯಲ್ಲಿ ವಾಸ. ಬಲೆಯನ್ನಂತೂ ಮುಟ್ಟುವುದಿಲ್ಲ: ಎದೆರೆಕ್ಕೆಯ ಮುಳ್ಳು ಸಿಕ್ಕಿಕೊಂಡರೆ ಬಲೆಯನ್ನೇ ಕತ್ತರಿಸಬೇಕು. ಡಬ್ಬಿಯಲ್ಲಿ ಹಿಡಿಯಿರಿ.

ಟೆಟ್ರಾಪ್ರಿಯ: ನಾನು ಉಪವಾಸ ಕೆಡವಿದೆ ಎಂದು ನಿಮಗೆ ಹೇಳಿದವರು ಯಾರು? ನಾನು ಹಾಕಿದ ಗುಳಿಗೆಯೂ ಖಾಲಿ, ನಿಯಾನ್‌ಗಳೂ ಖಾಲಿ.

ಹಳೆಯ ಜಲ್ಲಿ: ಮೇಲಿನವರ ಹೆಸರೇ ಮರಳುಹಾಸು, ಇನ್ನು ಮುಂದಿನ ಉಪದೇಶ ಗೊತ್ತಿದೆ: ತಳಕ್ಕೆ ಜಲ್ಲಿ ಹಾಕಿದರೆ ಕ್ಯಾಟ್‌ಫಿಶ್ ಮೀಸೆ ಸವೆಯುತ್ತದೆ, ಮರಳು ಹಾಸಿ ಎಂದು. ನನ್ನದು ನುಣುಪಾದ ಜಲ್ಲಿ. ಮೀಸೆ ಇಂದಿಗೂ ಪೂರ್ತಿ ಇದೆ, ಏಕೆಂದರೆ ಪ್ರತಿ ವಾರ ತಳದ ಕೊಳೆ ಹೀರಿ ತೆಗೆಯುತ್ತೇನೆ.

ಮರಳುಹಾಸು: ಮರಳಿನ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ನೀವೇ ಎತ್ತಿದಿರಿ, ಕೇಳಿ: ಜಲ್ಲಿಯ ಸಂದಿಗೆ ಇಳಿದ ಗುಳಿಗೆ ಅಲ್ಲೇ ಕೊಳೆತು ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯ ಏರುತ್ತದೆ. ಮರಳಿನಲ್ಲಿ ಮೇಲೆಯೇ ಉಳಿಯುತ್ತದೆ, ಕಣ್ಣಿಗೆ ಕಾಣುತ್ತದೆ.

ಹೊಸ ಅಕ್ವೇರಿಯಂ: ನನ್ನ ತೊಟ್ಟಿ 60 ಲೀಟರ್, ಅದು ಸಾಕಾಗುತ್ತದೆಯೇ ಎಂದು...

ಹಳೆಯ ಜಲ್ಲಿ: ಕೊಳೆಯುವಷ್ಟು ಗುಳಿಗೆ ಸುರಿಯುವವರು ಜಲ್ಲಿಯನ್ನು ದೂರಬಾರದು. ನಿಮ್ಮ ಮರಳನ್ನು ಒಮ್ಮೆ ಕೆದಕಿ, ಕೆಳಗೆ ಕೊಳೆತು ಕಪ್ಪಾಗಿದೆಯೋ ಇಲ್ಲವೋ ನೋಡಿ, ಆಮೇಲೆ ಬರೆಯಿರಿ.

ಟೆಟ್ರಾಪ್ರಿಯ: ಮರಳೋ ಜಲ್ಲಿಯೋ, ನಿಯಾನ್ ನಿದ್ದೆ ಮಾಡುವುದು ನೀರಿನಲ್ಲಿ.