ಬೂರಣ್ಣನ ಫೈಲು

"ಇವನಿಗೆ ಕೋಳಿ ಆಗುವುದಿಲ್ಲವಂತೆ" ಎಂದು ಗಣಪಣ್ಣ ಫೈಲು ಬಿಚ್ಚಿದ.

ಶೀನ ಭಾವ ಕವಳಕ್ಕೆ ಸುಣ್ಣ ಹಚ್ಚುತ್ತಿದ್ದ. ಬೆರಳು ಅಲ್ಲೇ ನಿಂತಿತು. "ಯಾರಿಗೆ? ನಿನಗಾ?"

"ಬ್ರೂನೋಗೆ."

"ಈ ಮನೆಗೆ ಕೋಳಿ ಬಂದಿದ್ದು ಯಾವಾಗ ಮಾರಾಯ? ನಿನ್ನ ಅಜ್ಜನ ಕಾಲದಲ್ಲಿ ಆಚೆ ಕೇರಿಯ ಹುಂಜ ಒಂದು ದಾರಿ ತಪ್ಪಿ ಅಂಗಳಕ್ಕೆ ಬಂದಿತ್ತು ಅಂತ ಕೇಳಿದ್ದೆ. ಅದರ ಹಿಂದೆಯೇ ಸಗಣಿ ನೀರು ಹಾಕಿದ್ದರಂತೆ. ಅದು ಬಿಟ್ಟರೆ ಇದೇ ಎರಡನೇ ಕೋಳಿ. ಅದೂ ಕಾಗದದ ಮೇಲೆ."

ಪುನರ್ವಸು ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಅಡಿಕೆಗೆ ಕೊಳೆ ಮದ್ದು ಹೊಡೆಯಬೇಕೆಂದರೆ ಹೊಳವಾಗಬೇಕು. ಹೊಳವಾಗದೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬರುವುದಿಲ್ಲ. ಹಾಗಾಗಿ ಊರಿನ ಕೆಲಸ ಇಲ್ಲದವರೆಲ್ಲ ಗಣಪಣ್ಣನ ಜಗಲಿಯಲ್ಲಿದ್ದೆವು. ನಡುವೆ ಬ್ರೂನೋ ಮಲಗಿ ತುರಿಸುತ್ತಿದ್ದ. ಹಿಂಗಾಲು ಜಗಲಿಯ ಹಲಗೆಗೆ ಟಕ ಟಕ ಟಕ ಎಂದು ಬಡಿಯುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಯಕ್ಷಗಾನ ಆಟದ ಚಂಡೆಯೇ. ಮೊದಲು ನಿಧಾನಕ್ಕೆ, ಆಮೇಲೆ ರಾಕ್ಷಸ ಬರುವ ಹೊತ್ತಿನ ಅಬ್ಬರ.

ಅವನು ಗೋಲ್ಡನ್ ರಿಟ್ರೀವರ್. ಸ್ಕಾಟ್ಲೆಂಡಿನ ಜಾತಿ. 2020ರ ಲಾಕ್‌ಡೌನಿನಲ್ಲಿ ಮಗ ವಿನಾಯಕ ಬೆಂಗಳೂರಲ್ಲಿ ತಂದುಕೊಂಡ ಮರಿ. ಆಮೇಲೆ ಆಫೀಸು ತೆರೆಯಿತು, ಮನೆ ಸಣ್ಣದಾಯಿತು, ನಾಯಿ ದೊಡ್ಡದಾಯಿತು. ಈ ವರ್ಷ ಮೇ ತಿಂಗಳಲ್ಲಿ ಕಾರಿನಲ್ಲಿ ಕೂತು ಶಿರಸಿಗೆ ಬಂದ. ಜೊತೆಗೆ ಹಾಸಿಗೆ, ಎರಡು ಬಟ್ಟಲು, ಒಂದು ರೇನ್‌ಕೋಟು, ಒಂದು ಮೂಟೆ ತಿಂಡಿ, ಮತ್ತೆ ಈ ಫೈಲು. ಬ್ರೂನೋ ಎನ್ನುವುದು ಸಾವಿತ್ರತ್ತಿಗೆಯ ಬಾಯಲ್ಲಿ ಎರಡೇ ದಿನಕ್ಕೆ ಬೂರಣ್ಣ ಆಯಿತು.

"ವಿನಾಯಕನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ನಮ್ಮ ಅಕ್ಕಿ ಡಬ್ಬಿಯ ಅಡಿಯಲ್ಲಿದೆ. ನಾಯಿಯ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ" ಎಂದಳು ಅತ್ತಿಗೆ, ಕಷಾಯದ ಲೋಟ ಇಡುತ್ತಾ.

"ಇದು ಕೂದಲಿನ ಪರೀಕ್ಷೆ" ಎಂದ ಗಣಪಣ್ಣ. "ನಾಯಿಯ ನಾಲ್ಕು ಕೂದಲು ಅಂಚೆಯಲ್ಲಿ ಕಳಿಸಿದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಬರೆದು ಕಳಿಸುತ್ತಾರೆ. ಆಗದೇ ಇರುವುದು 62 ಸಾಮಾನು."

"ಓದು ಓದು."

"ಕೋಳಿ, ಗೋಧಿ, ಬಾರ್ಲಿ, ಕುಂಬಳಕಾಯಿ, ಹುಲ್ಲು, ಧೂಳು, ಉಣ್ಣೆ..."

"ಉಣ್ಣೆ ಯಾವ ನಾಯಿಗೆ ಆಗುತ್ತದೆ ಮಾರಾಯ! ಅದಕ್ಕೆ ಪರೀಕ್ಷೆ ಬೇಕಾ?"

"ಕಚ್ಚುವ ಉಣ್ಣೆ ಅಲ್ಲ ಭಾವ, ಕಂಬಳಿ ಉಣ್ಣೆ."

"ಹಾಗಾದರೆ ನಮ್ಮ ಕಂಬಳಿಯ ನಾಲ್ಕು ಎಳೆ ಕಳಿಸಿ ನೋಡು. ಕಂಬಳಿಗೂ ಕೋಳಿ ಆಗುವುದಿಲ್ಲ ಅಂತ ಬರದೇ ಇದ್ದರೆ ನನ್ನ ಕವಳ ಬಿಡುತ್ತೇನೆ."

ಉಣ್ಣೆ ಎಂದು ಕೇಳಿದ್ದೇ ಮಾಸ್ತರಿಗೆ ತರಗತಿ ನೆನಪಾಯಿತು. "ಉಣ್ಣೆ ಅಂದರೆ ಹುಡುಗಾಟ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಿನ ಉಣುಗಿನಿಂದ ಹರಡುವ ಕಾಯಿಲೆ ಅಂತ ಆಗಲೇ ತಿಳಿದಿದ್ದು. ಸಿದ್ದಾಪುರದ ಕಡೆ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ಉಣುಗಿಗೆ ಎಂಟು ಕಾಲು. ಅದು ಹಾರುವುದಿಲ್ಲ, ಹತ್ತುತ್ತದೆ..."

"ಮಾಸ್ತರೇ, ತುರಿಸುತ್ತಾ ಇರುವುದು ನಾಯಿ. ನೀವು ಮಂಗನ ಬೆನ್ನು ಹತ್ತಿದಿರಿ."

ಪಕ್ಕದ ಮನೆಯ ಪ್ರಸಾದ ಅಷ್ಟರಲ್ಲಿ ಮೊಬೈಲು ತೆಗೆದಿದ್ದ. ಅವನಿಗೆ ಗೊತ್ತಿಲ್ಲದ್ದು ಇಲ್ಲ. ಗೊತ್ತಿಲ್ಲದಿದ್ದರೆ ವಿಡಿಯೋ ಇದೆ. "ಕೊಬ್ಬರಿ ಎಣ್ಣೆ ಹಚ್ಚಬೇಕಂತೆ ಗಣಪಣ್ಣ. ಪೂರ್ತಿ ನ್ಯಾಚುರಲ್."

"ಹಚ್ಚಿ ಆಯಿತು" ಎಂದಳು ಅತ್ತಿಗೆ. "ಅರ್ಧ ನೆಕ್ಕಿದ. ಇನ್ನರ್ಧ ಮೈಯಲ್ಲಿದ್ದ ಹಾಗೇ ಬಚ್ಚಲ ಒಲೆಯ ಬೂದಿಯಲ್ಲಿ ಹೊರಳಿದ. ಸಂಜೆ ಕಾಶಿಯಿಂದ ಬಂದ ಬೈರಾಗಿ ಒಬ್ಬ ಜಗಲಿಯಲ್ಲಿ ಕೂತಿದ್ದ. ನಾನು ನಮಸ್ಕಾರ ಮಾಡುವುದೊಂದು ಬಾಕಿ."

"ಹಾಗಾದರೆ ವಿನೆಗರ್. ಇಲ್ಲದಿದ್ದರೆ ನಾವು ಹಚ್ಚುವ ಶಾಂಪೂ."

"ತಮ್ಮಾ, ನಿನ್ನ ಶಾಂಪೂ ನಿನ್ನ ಚರ್ಮದ ಲೆಕ್ಕಕ್ಕೆ ಮಾಡಿದ್ದು" ಎಂದ ಶೀನ ಭಾವ. "ನಾಯಿ ಚರ್ಮದ ಲೆಕ್ಕ ಬೇರೆ. ತೆಳುವಾಗಿರುತ್ತದೆ, ಹುಳಿ ಕಡಿಮೆ. ನಮ್ಮ ಶಾಂಪೂವಿಗೆ ಒಣಗಿ ಇನ್ನೂ ಜಾಸ್ತಿ ತುರಿಸುತ್ತದೆ. ಕೆರೆದ ಗಾಯದ ಮೇಲೆ ವಿನೆಗರ್ ಹಾಕುವವರು ಮೊದಲು ತಮ್ಮ ಗಾಯಕ್ಕೆ ಹಾಕಿಕೊಂಡು ವಿಡಿಯೋ ಮಾಡಲಿ."

ಇನ್ನು ಆ ಮೂಟೆಯ ಕತೆ. ಕೋಳಿ ಆಗುವುದಿಲ್ಲವಲ್ಲ, ಅದಕ್ಕೆ ಸಾಲ್ಮನ್ ಮೀನಿನ ತಿಂಡಿ. ಮನೆಯೊಳಗೆ ಇಡುವ ಹಾಗಿಲ್ಲ ಎಂದು ಅತ್ತಿಗೆ ಅದನ್ನು ಕೊಟ್ಟಿಗೆಯ ಮೂಲೆಗೆ ಹಾಕಿದ್ದಳು. ಆಕಳು ಮುಖ ತಿರುಗಿಸಿ ನಿಲ್ಲುತ್ತಿತ್ತು.

"ಮೂಟೆಗೆ ಎಷ್ಟು?" ಎಂದು ಕೇಳಿದೆ. ಗಣಪಣ್ಣ ರೂಪಾಯಿ ಹೇಳಲಿಲ್ಲ. "ಹದಿನೈದು ಇಪ್ಪತ್ತು ಕಿಲೋ ಚಾಲಿ ಅಡಿಕೆ ಮಾರಬೇಕು" ಎಂದ.

"ದೇವಿಮನೆ ಘಟ್ಟ ಇಳಿದರೆ ಕುಮಟೆ" ಎಂದ ಶೀನ ಭಾವ. "ಬುಟ್ಟಿ ಬುಟ್ಟಿ ಬಂಗಡೆ. ಅದು ಬಿಟ್ಟು ಹೆಸರು ಕೇಳದ ಸಮುದ್ರದ ಮೀನು, ಈ ಜನ್ಮದಲ್ಲಿ ಮೀನು ಮುಟ್ಟದ ಮನೆಯ ಕೊಟ್ಟಿಗೆಗೆ! ಅದೂ ಇರಲಿ. ಅನ್ನ ಆಗುತ್ತದೋ ಇಲ್ಲವೋ ಅಂತ ತಿಳಿಯಲು ಕೂದಲು ಸಾಲದು ಭಾವಯ್ಯ. ಎಂಟು ವಾರ ಒಂದೇ ಅನ್ನ. ಬೇರೆ ಒಂದು ಅಗುಳೂ ಇಲ್ಲ. ತುರಿಕೆ ನಿಂತರೆ ಹಳೆಯದನ್ನು ಮತ್ತೆ ಕೊಟ್ಟು ನೋಡಬೇಕು. ತಿರುಗಿ ತುರಿಸಿದರೆ ಆಗ ಹೌದು. ನಮ್ಮ ಸೀಸರ್‌ಗೆ ಕಿವಿ ಸೋರುತ್ತಿದ್ದಾಗ ಪಶು ಡಾಕ್ಟರು ಹೇಳಿದ್ದು ಇದು. ನೀವು ಮಾಡಿದ್ದೀರಾ?"

"ಮಾಡ್ತಾ ಇದ್ದೇವೆ. ಇದು ಆರನೇ ವಾರ" ಎಂದ ಗಣಪಣ್ಣ ಹೆಮ್ಮೆಯಿಂದ.

ಶೀನ ಭಾವ ಎಲ್ಲರ ಮುಖ ನೋಡಿದ. "ತಂಗೀ, ಬೆಳಿಗ್ಗೆ ದೋಸೆ ಎರೆದಿದ್ದೆಯಲ್ಲ. ಮೊದಲ ದೋಸೆ ಯಾರಿಗೆ ಹೋಯಿತು?"

ಅತ್ತಿಗೆ ಸೆರಗು ಸರಿ ಮಾಡಿಕೊಂಡಳು. "ಮೊದಲನೆಯದು ಕಾವಲಿಗೆ ಹತ್ತಿತ್ತು ಶೀನಣ್ಣ. ಅದನ್ನು ಯಾರು ತಿನ್ನುತ್ತಾರೆ? ಪಾಪ, ಬಾಗಿಲಲ್ಲಿ ಕೂತು ನೋಡುತ್ತಾನೆ."

ಆಮೇಲೆ ಒಬ್ಬೊಬ್ಬರದೇ ಹೊರಗೆ ಬಂತು. ಮಾಸ್ತರು ದಿನಾ ಎರಡು ಬಿಸ್ಕತ್ತು. ಪ್ರಸಾದ ಹಲಸಿನ ಚಿಪ್ಸು. ಗಣಪಣ್ಣ ಊಟದ ಕಡೆಯ ತುತ್ತು ಮೊಸರನ್ನ, "ಅದು ಅಭ್ಯಾಸ, ಲೆಕ್ಕಕ್ಕಿಲ್ಲ." ನಾನು ಏನೂ ಕೊಟ್ಟಿರಲಿಲ್ಲ. ಸಿಹಿ ತಿಂಡಿ ತೊಡೆದೇವು ಒಂದು ಕೈಜಾರಿ ಬಿದ್ದಿದ್ದು ಬೇರೆ ಮಾತು.

"ಸರಿ" ಎಂದ ಶೀನ ಭಾವ. "ನಾಯಿ ಪಥ್ಯದಲ್ಲಿದೆ ಎನ್ನುವುದು ಊರಿಗೆಲ್ಲ ಗೊತ್ತು. ನಾಯಿಗೆ ಒಂದು ಗೊತ್ತಿಲ್ಲ."

ಬೂರಣ್ಣ ಎದ್ದು ಮೈ ಕೊಡವಿದ. ಗಿರಕಿ ಹೊಡೆದು ತನ್ನ ಬಾಲದ ಬುಡವನ್ನೇ ಕಟ ಕಟ ಕಚ್ಚಿಕೊಂಡ. ಮತ್ತೆ ಮಲಗಿದ.

"ಫೈಲಿನಲ್ಲಿ ಎಷ್ಟು ಪುಟ?"

"ನಲವತ್ತು ಚಿಲ್ಲರೆ."

"ಅದರಲ್ಲಿ ನಾಯಿ ಎಲ್ಲಿ ತುರಿಸುತ್ತದೆ ಅಂತ ಬರೆದಿದ್ದಾರಾ?"

ಗಣಪಣ್ಣ ಹಿಂದೆ ಮುಂದೆ ತಿರುವಿದ. ಬರೆದಿರಲಿಲ್ಲ.

"ಕಾಲಿನ ಪಾದ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡರೆ, ಕಿವಿ, ಹೊಟ್ಟೆ ಕೆರೆದರೆ, ಧೂಳೋ ಹುಲ್ಲೋ ಅನ್ನವೋ ಅಂತ ಯೋಚನೆ ಮಾಡು. ಕಿವಿಯ ಅಂಚು, ಮೊಣಕೈ ಕೆರೆದು ಕೂದಲು ಉದುರಿ, ರಾತ್ರಿ ನಿದ್ದೆಯೇ ಇಲ್ಲ ಅಂತಾದರೆ ಕಜ್ಜಿ ಹುಳ. ಅದು ಮನೆಯವರಿಗೂ ಹತ್ತುತ್ತದೆ, ಕೈಗೆ ಹೊಟ್ಟೆಗೆ ಗುಳ್ಳೆ ಏಳುತ್ತವೆ. ಬಾಲದ ಬುಡವಾದರೆ..." ಅಲ್ಲಿಗೆ ನಿಲ್ಲಿಸಿ, "ತಂಗೀ, ಹೇನು ಹಣಿಗೆ ತಾ. ಒಂದು ಬಿಳಿ ಪಂಚೆ ಒದ್ದೆ ಮಾಡಿ ತಾ" ಎಂದ.

"ಹಣಿಗೆ ನನ್ನದು!"

"ಇನ್ನು ಮೇಲೆ ಅವನದು."

ಒದ್ದೆ ಪಂಚೆಯ ಮೇಲೆ ಬೂರಣ್ಣನನ್ನು ನಿಲ್ಲಿಸಿ ಬಾಲದ ಬುಡದಲ್ಲಿ ಬಾಚಿದ. ಸಾಸಿವೆಗಿಂತ ಸಣ್ಣ ಕಪ್ಪು ಪುಡಿ ಉದುರಿತು. ಕೆಮ್ಮಣ್ಣು, ಬೂದಿ ಇರಬೇಕು ಎಂದರು ಮಾಸ್ತರು. ನೋಡುತ್ತಾ ಇದ್ದ ಹಾಗೆ ಒದ್ದೆ ಬಟ್ಟೆಯಲ್ಲಿ ಕಪ್ಪು ಚುಕ್ಕೆಯ ಸುತ್ತ ಕೆಂಪು ಹರಡಿತು.

"ಮಣ್ಣಲ್ಲ ಮಾಸ್ತರೇ, ರಕ್ತ. ಚಿಗಟದ ಹಿಕ್ಕೆ ಇದು."

ಆ ಮಾತಿಗೆ ಕಾದಿದ್ದ ಹಾಗೆ ಒಂದು ಚಿಗಟ ಹಣಿಗೆಯಿಂದ ಟಣ್ಣನೆ ಹಾರಿತು. ಎಲ್ಲಿಗೆ ಹೋಯಿತು ಎಂದು ಯಾರಿಗೂ ಕಾಣಲಿಲ್ಲ. ಮಾಸ್ತರು ಪಂಚೆ ಎತ್ತಿಕೊಂಡು ಬೆಂಚು ಹತ್ತಿದರು. ಪ್ರಸಾದ ಮಳೆಗೇ ಇಳಿದ. ನಾನು ಎಡಗಾಲು ಕೆರೆದುಕೊಂಡೆ. ಅಲ್ಲಿ ಏನೂ ಇರಲಿಲ್ಲ.

"ನೋಡು" ಎಂದ ಶೀನ ಭಾವ. "62 ಸಾಮಾನಿನ ಪಟ್ಟಿ ಮಾಡಿದ್ದಾರೆ. ಇದೊಂದನ್ನು ಬಿಟ್ಟಿದ್ದಾರೆ."

"ಸಿಕ್ಕಿದ್ದು ಒಂದೇ ಚಿಗಟ ಭಾವ. ಒಂದಕ್ಕೆ ಇಷ್ಟು ತುರಿಕೆಯಾ?"

"ಕೆಲವು ನಾಯಿಗೆ ಒಂದೆರಡು ಕಚ್ಚಿದರೂ ಸಾಕು. ಕಚ್ಚುವಾಗ ಜೊಲ್ಲು ಬಿಡುತ್ತದಲ್ಲ, ಆ ಜೊಲ್ಲೇ ಆಗುವುದಿಲ್ಲ."

"ಅಂದರೆ ಅಲರ್ಜಿ ಹೌದಲ್ವಾ!" ಎಂದ ಪ್ರಸಾದ ಮಳೆಯಿಂದಲೇ.

"ಹೌದು ಮಾರಾಯ. ಕೋಳಿಯದ್ದಲ್ಲ."

ಅತ್ತಿಗೆಗೆ ಸಿಟ್ಟು ಬಂದಿತ್ತು. ಮನೆಯಲ್ಲಿ ಚಿಗಟ ಎಂದರೆ ಮರ್ಯಾದೆಯ ಪ್ರಶ್ನೆ. ಅಲರ್ಜಿ ಎಂದರೆ ಹಾಗಲ್ಲ, ಅದರಲ್ಲಿ ಒಂದು ಗೌರವ ಇದೆ, ಫೈಲು ಮಾಡಬಹುದು. ಬೆಂಗಳೂರಲ್ಲಿ ಇದೇ ಮರ್ಯಾದೆಗೆ ಯಾರೂ ಬಾಲದ ಬುಡ ನೋಡಲಿಲ್ಲ ಎಂದು ನನ್ನ ಅನುಮಾನ. ಅಲ್ಲಿ ಯಾರೋ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರಂತೆ. ತುರಿಕೆ ನಾಲ್ಕು ದಿನ ನಿಂತಿತು. ನಾಯಿ ಕೊಡಗಟ್ಟಲೆ ನೀರು ಕುಡಿದು ರಾತ್ರಿ ನಾಲ್ಕು ಸಲ ಲಿಫ್ಟಿನಲ್ಲಿ ಇಳಿಯಿತು. ಮಾತ್ರೆ ಮುಗಿದ ಮೇಲೆ ಮತ್ತೆ ಚಂಡೆ.

"ಬೇಕಾದರೆ ಬೆಕ್ಕಿನ ಮೇಲೆ ಹಾಕು" ಎಂದ ಶೀನ ಭಾವ ಸಮಾಧಾನಕ್ಕೆ. "ನಾಯಿಯ ಮೈಮೇಲೆ ಸಿಗುವ ಚಿಗಟ ಹೆಚ್ಚಾಗಿ ಬೆಕ್ಕಿನ ಚಿಗಟ ಅನ್ನುವ ಜಾತಿಯದ್ದೇ. ಆಧಾರ್ ಕಾರ್ಡು ಬೆಕ್ಕಿನದು, ವಾಸ ನಾಯಿಯ ಮೇಲೆ. ಆದರೆ ನಾಯಿ ಮದ್ದನ್ನು ಬೆಕ್ಕಿಗೆ ಹಾಕಬೇಡ. ಕೆಲವು ಮದ್ದು ಬೆಕ್ಕಿಗೆ ವಿಷ. ಕೇಳಿಕೊಂಡು ಬೇರೆ ತಾ."

"ನಾಯಿಗೆ ಏನು ಮದ್ದು?"

"ಮಾತ್ರೆ ಇದೆ. ತೂಕ ನೋಡಿ ಡಾಕ್ಟರು ಕೊಡುತ್ತಾರೆ. ಒಂದು ತಿಂಗಳದ್ದಿದೆ, ಮೂರು ತಿಂಗಳದ್ದೂ ಇದೆ. ಆದರೆ ನಾಯಿಯ ಮೇಲೆ ಇರುವುದು ನೂರಕ್ಕೆ ಐದು. ಉಳಿದ ತೊಂಬತ್ತೈದು ಮೊಟ್ಟೆ, ಮರಿ, ಗೂಡು ಅಂತ ನೆಲದಲ್ಲಿರುತ್ತವೆ. ಒಂದು ಚಿಗಟ ದಿನಕ್ಕೆ ನಲವತ್ತು ಮೊಟ್ಟೆ ಹಾಕಬಲ್ಲದು. ಗೂಡಿನ ಒಳಗಿದ್ದದ್ದು ತಿಂಗಳುಗಟ್ಟಲೆ ಕಾಯುತ್ತದೆ. ಇವನು ಮಲಗುವುದು ಎಲ್ಲಿ?"

ಬೆಂಗಳೂರಿನ ಹಾಸಿಗೆ ಅಟ್ಟದ ಮೇಲಿತ್ತು. ಬೂರಣ್ಣ ಮಲಗುತ್ತಿದ್ದದ್ದು ಬಚ್ಚಲ ಒಲೆಯ ಪಕ್ಕದ ಗೋಣಿ ತಟ್ಟಿನ ಮೇಲೆ. ಬೆಕ್ಕಿನ ಜೊತೆ.

"ಅದೇ. ತೋಟಕ್ಕೆ ಮದ್ದು ಹೊಡೆದು ಬಿದ್ದ ಕೊಳೆ ಅಡಿಕೆಯನ್ನು ಬುಡದಲ್ಲೇ ಬಿಟ್ಟ ಹಾಗೆ."

ಬೂರಣ್ಣ ಹೋಗಿ ಬೂದಿಯಲ್ಲಿ ಮಲಗಿದ. ಶೀನ ಭಾವ ಅತ್ತ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಸುಮ್ಮನಿದ್ದರೆ ಜಗಲಿಗೇ ಏನೋ ಆದ ಹಾಗೆ.

"ಕಾಳನೂ ಅಲ್ಲೇ ಮಲಗುತ್ತಿದ್ದ" ಎಂದ ಆಮೇಲೆ. "ನೆನಪಿದೆಯಾ ಭಾವಯ್ಯ? ಮೈತುಂಬ ಕಜ್ಜಿ. ಪಂಪ್‌ಸೆಟ್ಟಿನ ಸುಟ್ಟ ಆಯಿಲ್ ಬಳಿದರೆ ಗುಣ ಆಗುತ್ತದೆ ಅಂತ ಯಾರೋ ಹೇಳಿದರು. ನಾನೇ ಬಳಿದೆ. ಹಿಡಿದುಕೊಂಡವನು ನೀನು. ಅದು ನೆಕ್ಕಿಕೊಂಡಿತು. ವಿಷ ಅಂತ ಯಾರಿಗೆ ಗೊತ್ತಿತ್ತು? ನಾಯಿ ಅಂದಮೇಲೆ ತುರಿಸುತ್ತದೆ ಅಂತ ಬಿಟ್ಟೆವು. ಆ ಮಳೆಗಾಲ ತೋಟಕ್ಕೆ ಇಳಿದದ್ದು ಮೇಲೆ ಬರಲಿಲ್ಲ."

"ಅದಕ್ಕೆ ಫೈಲು ಇರಲಿಲ್ಲ" ಎಂದ ಗಣಪಣ್ಣ.

"ಇರಲಿಲ್ಲ" ಎಂದ ಶೀನ ಭಾವ. ಅವತ್ತು ಮತ್ತೆ ಫೈಲಿನ ಸುದ್ದಿ ಎತ್ತಲಿಲ್ಲ.

ಮರುದಿನ ಹೊಳವಾಯಿತು. ಕೊನೆಗೌಡ ಬಂದ, ಗಣಪಣ್ಣ ಅವನನ್ನು ಬಿಟ್ಟು ನಾಯಿ ಹತ್ತಿಸಿಕೊಂಡು ಶಿರಸಿಯ ಪಶು ಆಸ್ಪತ್ರೆಗೆ ಹೋದ. ಡಾಕ್ಟರು ಬಾಲದ ಬುಡ ನೋಡಿ ಮಾತ್ರೆ ಕೊಟ್ಟರು. ಕಿವಿ ಮೂಸಿ ನೋಡಿ, ಒದ್ದೆಗೆ ಬೂಸ್ಟು ಬೆಳೆದಿದೆ, ಇಷ್ಟು ದಪ್ಪ ಕೂದಲು ನಮ್ಮ ಮಳೆಯಲ್ಲಿ ಒಣಗುವುದಿಲ್ಲ ಎಂದು ಕಿವಿಗೆ ಹನಿ, ಮೈಗೆ ಮದ್ದಿನ ಶಾಂಪೂ ಬರೆದರು. ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕಂತೆ. ನಾಯಿಯನ್ನು ಹತ್ತು ನಿಮಿಷ ನಿಲ್ಲಿಸುವುದು ಹೇಗೆ? ಗಣಪಣ್ಣ ಬಚ್ಚಲಲ್ಲಿ ತಾಳಮದ್ದಳೆಯ ಅರ್ಥ ಹೇಳುತ್ತಿದ್ದ. ಕರ್ಣನದು ಹತ್ತು ನಿಮಿಷಕ್ಕೆ ಸರಿಯಾಗುತ್ತದೆ, ಕೃಷ್ಣನದು ಜಾಸ್ತಿ ಆಗುತ್ತದೆ ಎಂದು ಅತ್ತಿಗೆಯ ಲೆಕ್ಕ. ಅವಳು ಗೋಣಿಯನ್ನೆಲ್ಲ ಸುಟ್ಟಳು. ಬಿಸಿನೀರು ಹೊಯ್ದಳು. ಬೆಕ್ಕಿಗೆ ಬೇರೆ ಮದ್ದು ತರಿಸಿದಳು.

ಮಘೆ ಮಳೆಯ ಹೊತ್ತಿಗೆ ಮತ್ತೆ ಅದೇ ಜಗಲಿ, ಅದೇ ಜನ. ಅಡಿಕೆಗೆ ಎರಡನೇ ಮದ್ದು ಬಾಕಿ. ಬೂರಣ್ಣ ಬಂಗಾರದ ಬಣ್ಣಕ್ಕೆ ತಿರುಗಿ ನಿದ್ದೆ ಮಾಡುತ್ತಿದ್ದ. ಬಾಲದ ಬುಡದಲ್ಲಿ ಹೊಸ ಕೂದಲು. ಮೂರು ವಾರದಿಂದ ಚಂಡೆ ಇಲ್ಲ.

ಮೊಬೈಲು ಕೂಗಿತು. ವಿಡಿಯೋದಲ್ಲಿ ವಿನಾಯಕ. "ಅಪ್ಪಾ, ಬ್ರೂನೋ ತುರಿಕೆ ಹೇಗಿದೆ?"

"ಸ್ವಲ್ಪ ಕಡಿಮೆ. ಪೂರ್ತಿ ಹೋಗಿಲ್ಲ" ಎಂದ ಗಣಪಣ್ಣ.

ಶೀನ ಭಾವ ಬಾಯಿ ತೆರೆದ. ಅತ್ತಿಗೆ ಅವನ ಮುಂದೆ ಕಷಾಯ ಇಟ್ಟು ಮೆಲ್ಲಗೆ, "ಮೊದಲು ತಿಂಗಳಿಗೆ ಎರಡು ಸಲ ಫೋನು ಮಾಡುತ್ತಿದ್ದ. ಈಗ ದಿನಾ ಸಂಜೆ" ಎಂದಳು.

"ತೋರಿಸು ನೋಡೋಣ" ಎಂದಿತು ಮೊಬೈಲು.

ಗಣಪಣ್ಣ ಮೊಬೈಲನ್ನು ನಾಯಿಯ ಕಡೆ ತಿರುಗಿಸಿದ. ಕ್ಯಾಮೆರಾಕ್ಕೆ ಕಾಣದ ಹಾಗೆ ಬಲಗಾಲು ಚಾಚಿ, ಹೆಬ್ಬೆರಳಿನಿಂದ ಬೂರಣ್ಣನ ಪಕ್ಕೆಯನ್ನು ಮೆಲ್ಲಗೆ ಕೆರೆದ. ನಾಯಿಯ ಕಣ್ಣು ಮುಚ್ಚಿಯೇ ಇತ್ತು. ಹಿಂಗಾಲು ಮಾತ್ರ ತಾನೇ ಎದ್ದು ಹಲಗೆಗೆ ಟಕ ಟಕ ಟಕ ಎಂದು ಬಡಿಯತೊಡಗಿತು.

"ಅಯ್ಯೋ, ಇನ್ನೂ ಇದೆಯಲ್ಲಪ್ಪ!"

ಶೀನ ಭಾವ ಕಷಾಯ ಕೆಳಗಿಟ್ಟ. ಮುಂದೆ ಬಗ್ಗಿ ಮೊಬೈಲಿಗೆ ಮುಖ ತೋರಿಸಿದ.

"ಜೋರಿದೆ ಅಳಿಯಾ. ಮೊಬೈಲಲ್ಲಿ ತಿಳಿಯುವುದಿಲ್ಲ. ಚೌತಿಗೆ ಬಂದು ನೋಡು."